ಕಣ್ಣು ತುಂಬಿದ್ದು ಯಾಕೆ?

ನಿಮ್ಮ ಪತ್ರದ ಸಾರ ಇಷ್ಟು: ರಜೆಗೆ ಬಂದ ಮಗಳು ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಅವರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮ್ ಹಾಕಿದಳು. ಹತ್ತು ನಿಮಿಷದಲ್ಲಿ ಅವಳಿಗೆ ನಿದ್ದೆ. ಯಜಮಾನರು ‘ಇದಕ್ಕಿಂತ ಫ್ರಿಜ್ಜಿನ ಸದ್ದೇ ವಾಸಿ’ ಎಂದು ಎದ್ದುಹೋದರು. ನಿಮಗೆ ಮಾತ್ರ ಕಣ್ಣಲ್ಲಿ ನೀರು. ‘ಸಾಹಿತ್ಯವಿಲ್ಲ, ತಾಳವಿಲ್ಲ, ಅಳುವಂಥದ್ದು ಏನಿತ್ತು? ನನಗೇನಾದರೂ ಆಗಿದೆಯೇ?’

ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ: ಒಂದು ಸಂಜೆ ಕಣ್ಣು ತುಂಬಿದ್ದಕ್ಕೆ ಗಾಬರಿ ಬೇಡ.

ಯಜಮಾನರ ಮೇಲೂ ಮುನಿಸು ಬೇಡ. ಈ ಸಂಗೀತ ಹುಟ್ಟಿದ್ದೇ ಹೆಚ್ಚುಕಡಿಮೆ ಹಾಗೆ, ಸುತ್ತಲಿನ ಸದ್ದಿನ ಜೊತೆಗೆ. 1975ರಲ್ಲಿ ಟ್ಯಾಕ್ಸಿ ಬಡಿದು ಈನೋ ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿ ತಂದುಕೊಟ್ಟ ಹಾರ್ಪ್ ಎಂಬ ತಂತಿವಾದ್ಯದ ರೆಕಾರ್ಡನ್ನು ಹೇಗೋ ಹಚ್ಚಿ ಮಲಗಿದರೆ ಸದ್ದು ತೀರಾ ಸಣ್ಣ, ಸ್ಪೀಕರಿನ ಒಂದು ಬದಿ ಕೆಟ್ಟಿತ್ತು. ಮತ್ತೆ ಏಳಲು ತ್ರಾಣವಿಲ್ಲ. ಹೊರಗೆ ಮಳೆ. ಮಳೆಯ ನಡುವೆ ಅಲ್ಲೊಂದು ಇಲ್ಲೊಂದು ತಂತಿ ಮಾತ್ರ ಕೇಳುತ್ತಿತ್ತು. ಕೋಣೆಯ ಬೆಳಕಿನ ಹಾಗೆ ಸಂಗೀತವೂ ಸುಮ್ಮನೆ ಇರಬಹುದಲ್ಲ ಎಂದು ಅವರಿಗೆ ಹೊಳೆದದ್ದು ಆಗ. 1978ರಲ್ಲಿ ಈ ಆಲ್ಬಮ್ಮಿಗೆ ಬರೆದ ಟಿಪ್ಪಣಿಯಲ್ಲಿ ಅವರೇ ಹೇಳುತ್ತಾರೆ, ಇದು ಕಿವಿಗೊಟ್ಟರೆ ಎಷ್ಟು ಸ್ವಾರಸ್ಯವೋ ಅಷ್ಟೇ ಸಲೀಸಾಗಿ ಕಡೆಗಣಿಸಲೂ ಬರಬೇಕು ಎಂದು. ಮಗಳ ನಿದ್ದೆಯೂ ಲೆಕ್ಕದ ಒಳಗೇ ಇದೆ.

‘ಹೆಂಗಸರು ಬರೀ ಆ ಎನ್ನುತ್ತಾರೆ’ ಎಂದು ಬರೆದಿದ್ದೀರಿ. ಹಾಗಾದರೆ ನೀವು ಕೇಳಿದ್ದು ಎರಡನೆಯ ತುಣುಕು ಇರಬೇಕು. (ನನಗೆ ಪಿಯಾನೊ ಇರುವ ಮೊದಲನೆಯದೇ ಇಷ್ಟ.) ಒಂದೊಂದು ಸ್ವರವನ್ನೂ ತುದಿಗೆ ತುದಿ ಅಂಟಿಸಿದ ಬೇರೆ ಬೇರೆ ಟೇಪಿನ ಕುಣಿಕೆಗೆ ಹಾಕಿ ತಿರುಗಲು ಬಿಟ್ಟಿದ್ದಾರೆ. ಒಂದು ಇಪ್ಪತ್ತಮೂರೂವರೆ ಸೆಕೆಂಡಿಗೊಮ್ಮೆ ಮರಳಿದರೆ ಇನ್ನೊಂದು ಸುಮಾರು 26ಕ್ಕೆ, ಮತ್ತೊಂದು ಸುಮಾರು 30ಕ್ಕೆ. ಯಾವ ಸ್ವರ ಯಾವುದನ್ನು ಯಾವಾಗ ಸಂಧಿಸುತ್ತದೆ ಎಂದು ಕಿವಿಗೆ ಊಹೆ ಸಿಗದು.

ನಮ್ಮ ಸಂಗೀತ ಕಚೇರಿಯಲ್ಲಿ ಮನಸ್ಸಿಗೆ ಕೈತುಂಬ ಕೆಲಸ. ತಾಳ ಹಾಕಬೇಕು, ಪಲ್ಲವಿಗೆ ಎಲ್ಲಿ ಬಂದು ಸೇರುತ್ತಾರೋ ಎಂದು ಕಾಯಬೇಕು. ಇಲ್ಲಿ ಕಾಯಲು ಏನೂ ಇಲ್ಲ. ಕೆಲಸ ತಪ್ಪಿದ ಮನಸ್ಸು ಅಟ್ಟದ ಮೇಲಿನ ಹಳೇ ಪೆಟ್ಟಿಗೆಗೆ ಕೈ ಹಾಕುತ್ತದೆ ಎಂಬುದು ನನ್ನ ಅನುಭವ. ಕಚೇರಿಗೆ ಮುಂಚೆ ಬರೀ ತಂಬೂರಿ ಮೀಟುವಾಗ ನನಗೆ ಗಂಟಲು ಕಟ್ಟಿದ್ದುಂಟು. ಮೊದಲ ರಚನೆಯಾದ ವರ್ಣ ಶುರುವಾದ ಕೂಡಲೇ ಅದು ಮಾಯ!

ದುಃಖ ಹೊರಗಿನಿಂದಲೂ ಬಂದು ಸೇರಬಹುದು. ನ್ಯೂಯಾರ್ಕಿನ ಸಂಗೀತ ಸಂಯೋಜಕ ವಿಲಿಯಂ ಬಸಿನ್‌ಸ್ಕಿ 2001ರ ಬೇಸಿಗೆಯಲ್ಲಿ ಇಂಥವೇ ತಮ್ಮ ಹಳೆಯ ಟೇಪು ಕುಣಿಕೆಗಳನ್ನು ಡಿಜಿಟಲ್ಲಿಗೆ ಇಳಿಸುತ್ತಿದ್ದರು. ಸುತ್ತು ಸುತ್ತಿಗೂ ಟೇಪಿನ ಲೇಪ ಪುಡಿಯಾಗಿ ಉದುರುತ್ತಿತ್ತು. ಉದುರಿದಲ್ಲೆಲ್ಲ ರಾಗದಲ್ಲಿ ತೂತು. ಅವರು ನಿಲ್ಲಿಸಲಿಲ್ಲ, ಸವೆಯುವುದನ್ನೇ ದಾಖಲಿಸಿಕೊಂಡರು. ಸೆಪ್ಟೆಂಬರ್ 11ರಂದು ಬ್ರೂಕ್ಲಿನ್ನಿನ ಮನೆಯ ತಾರಸಿಯಿಂದ ಕುಸಿದ ಅವಳಿ ಗೋಪುರಗಳ ಹೊಗೆ ನೋಡುತ್ತ ಅದನ್ನೇ ಕೇಳಿದರು. ಟೇಪಿಗೆ ಆ ದಿನದ ಸುಳಿವೇ ಇರಲಿಲ್ಲ. ಇಂದು ಕೇಳುವವರಿಗೆ ಮಾತ್ರ ಅದು ಶೋಕಗೀತೆ.

ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದು ಅದರ ಮೇಲೆ ಗೀಟು ಎಳೆದಿದ್ದೀರಿ. ನಿಮ್ಮ ತಾಯಿಯವರ ಬಗ್ಗೆ. ಓದಲು ಬರುವಂತಿತ್ತು, ಆದರೆ ಇಲ್ಲಿ ಅಚ್ಚು ಹಾಕಿಲ್ಲ. ನಾನು ಇಷ್ಟುದ್ದ ಬರೆದದ್ದಕ್ಕಿಂತ ಆ ಸಾಲೇ ನಿಮಗೆ ಸರಿಯಾದ ಉತ್ತರ. ಇನ್ನೊಮ್ಮೆ ಕೇಳುವುದಾದರೆ ಸದ್ದು ತಗ್ಗಿಸಿಕೊಳ್ಳಿ, ಕಿಟಕಿ ತೆರೆದಿರಲಿ. ಫ್ರಿಜ್ಜೂ ಜೊತೆಗೂಡಲಿ, ಯಜಮಾನರು ಎದ್ದುಹೋಗಲಿಕ್ಕಿಲ್ಲ.

– ಸಂ.