ಜಿಂಕ್ ಮಾತ್ರೆ ನುಂಗಿದರೆ ಮಕ್ಕಳಾಗುತ್ತಾ?

ಮದುವೆಯಾಗಿ ಎರಡು ವರ್ಷವಾದರೂ ಮಗುವಾಗಿಲ್ಲ, ಮೆಡಿಕಲ್ ಶಾಪಿನವರು 50 ಮಿಲಿಗ್ರಾಂ ಜಿಂಕ್ ಮಾತ್ರೆ ಕೊಟ್ಟಿದ್ದಾರೆ, ಯಜಮಾನರು ತಗೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಜಯನಗರದ ಕಡೆ ಒಂದು ಲ್ಯಾಬಿನಲ್ಲಿ ವೀರ್ಯ ಪರೀಕ್ಷೆ ಮಾಡುತ್ತೇನೆ. ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆ ನಮ್ಮ ಕೌಂಟರಿನಲ್ಲೂ ಬರುತ್ತಲೇ ಇರುತ್ತದೆ.

ಜಿಂಕ್ ಬೇಕೇ ಬೇಕು. ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಿಂಕ್ ವೀರ್ಯದಲ್ಲಿದೆ. ವೀರ್ಯಾಣುವಿನ ತಲೆಯೊಳಗೆ ಬಿಗಿಯಾಗಿ ಸುತ್ತಿಕೊಂಡಿರುವ ಡಿಎನ್‌ಎ ಸಡಿಲವಾಗದಂತೆ ಅದು ಕಾಯುತ್ತದೆ. ಹೆಣ್ಣಿನ ಅಂಡಾಣುವಿಗೂ ಅದು ಬೇಕು. ಅಂಡಾಣು ಎಚ್ಚೆತ್ತ ಗಳಿಗೆಯಲ್ಲಿ ಜಿಂಕ್ ಹೊರಚಿಮ್ಮುವುದನ್ನು 2016ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ತೋರಿಸಿದರು. ಅದನ್ನು ಓದಿ ನನಗೆ ಮೈ ಜುಮ್ಮೆಂದಿತ್ತು. ತೀರಾ ಕೊರತೆಯಾದರೆ ಏನಾಗುತ್ತದೆ ಅನ್ನುವುದೂ ಗೊತ್ತಿದೆ. 1960ರ ಆಸುಪಾಸಿನಲ್ಲಿ ಇರಾನ್, ಈಜಿಪ್ಟಿನಲ್ಲಿ ಬೆಳವಣಿಗೆ ನಿಂತು, ಪ್ರಾಯಕ್ಕೇ ಬಾರದ ಹುಡುಗರನ್ನು ಬಿಹಾರ ಮೂಲದ ಡಾ. ಆನಂದ ಪ್ರಸಾದ್ ಕಂಡರು. ಆ ಹುಡುಗರ ಊಟ ಬಹುಪಾಲು ರೊಟ್ಟಿಯೇ, ಅದರಿಂದ ಜಿಂಕ್ ಸಾಕಷ್ಟು ಸಿಗುತ್ತಿರಲಿಲ್ಲ. ಜಿಂಕ್ ಕೊಟ್ಟ ಮೇಲೆ ಅವರು ಬೆಳೆದರು.

ಆದರೆ ಕೊರತೆ ಇಲ್ಲದವರಿಗೆ? ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಆರು ತಿಂಗಳು ದಿನಕ್ಕೆ 30 ಮಿಲಿಗ್ರಾಂ ಜಿಂಕ್ ಜತೆ ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ಕೊಟ್ಟರು. ಮಿಕ್ಕವರಿಗೆ ಔಷಧಿ ಇಲ್ಲದ ಮಾತ್ರೆ. ಮಗು ಪಡೆದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಶೇ. 34 ಮತ್ತು 35. ಮಾತ್ರೆ ತಗೊಂಡವರಿಗೆ ಹೊಟ್ಟೆ ತೊಂದರೆ ಮಾತ್ರ ಜಾಸ್ತಿಯಾಯಿತು.

ಹಾಗಾಗಿ 50 ಮಿಲಿಗ್ರಾಂ ಸುಮ್ನೆ ನುಂಗುವುದು ಬೇಡ. ನಮ್ಮ ದೇಶದ ಶಿಫಾರಸು ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ. ತಿಂಗಳುಗಟ್ಟಲೆ ಅತಿಯಾದರೆ ದೇಹಕ್ಕೆ ತಾಮ್ರ ಸಿಗದೆ ರಕ್ತಹೀನತೆ ಬರಬಹುದು. ಕಡಲೆ, ಎಳ್ಳು, ಮೊಟ್ಟೆ, ಮಾಂಸ ತಿನ್ನಲಿ. ರಾಗಿ, ಕಾಳುಗಳಲ್ಲಿ ಜಿಂಕನ್ನು ಹಿಡಿದಿಡುವ ಫೈಟೇಟ್ ಇದೆ. ಮೊಳಕೆ ಕಟ್ಟಿದರೆ, ಹಿಟ್ಟು ಹುಳಿ ಬರಿಸಿದರೆ ಅದು ಕಡಿಮೆಯಾಗುತ್ತದೆ.

ನನಗೆ ಹೆಚ್ಚು ಬೇಸರ ತರುವುದು ಬೇರೆ ವಿಷಯ. ದಪ್ಪ ಫೈಲ್ ಹಿಡಿದು ಹೆಂಡತಿ ಒಬ್ಬಳೇ ಬರುತ್ತಾಳೆ. ಎಲ್ಲ ಸ್ಕ್ಯಾನ್ ಅವಳದ್ದೇ. ಗಂಡನ ಒಂದು ಪರೀಕ್ಷೆಯೂ ಆಗಿರುವುದಿಲ್ಲ. ಅದು ಸೂಜಿ ಚುಚ್ಚದ ಪರೀಕ್ಷೆ, ಅಲ್ವಾ? ಯಜಮಾನರಿಗೆ ಮೊದಲು ಅದನ್ನು ಮಾಡಿಸಿ. ಅದಕ್ಕೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ರಿಪೋರ್ಟ್ ಸರಿ ಇಲ್ಲದಿದ್ದರೆ ಗಾಬರಿ ಬೇಡ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಆಮೇಲೆ ಇಬ್ಬರೂ ಒಟ್ಟಿಗೆ ಡಾಕ್ಟರ್ ಹತ್ತಿರ ಹೋಗಿ. ಜಿಂಕ್ ಬೇಕಾ ಬೇಡವಾ ಅಂತ ಅವರು ಹೇಳಲಿ.