ಜಾತ್ರಿ ಕುಸ್ತಿ ತಪ್ಪಿಸಲು ದೂರದ ಕಾಲೇಜು ಬೇಕೇ?

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದೆ.)

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಧಾರವಾಡದ ನಮ್ಮ ಸಲಹಾ ಕೇಂದ್ರಕ್ಕೆ ಬರುವ ಜಗಳಗಳು ಹೆಚ್ಚಾಗಿ ಇಂಜಿನಿಯರಿಂಗೋ ಬಿ.ಎಸ್ಸಿ.ಯೋ ಎಂಬುದರವು. ಈರಣ್ಣನ ಮನೆಯವರದ್ದು ಬೇರೆ. ಗದಗ ಜಿಲ್ಲೆಯ ಹಳ್ಳಿಯ ಹುಡುಗ, ಹದಿನೆಂಟರ ಪ್ರಾಯ, 65 ಕೆ.ಜಿ. ವಿಭಾಗದ ಪೈಲ್ವಾನ. ಕರಾವಳಿಯ ಕಾಲೇಜೊಂದು ಫೀ, ಊಟ, ವಸತಿ ಎಲ್ಲ ತನ್ನದೇ ಎಂದು ಕರೆದಿತ್ತು. ಧಾರವಾಡದಲ್ಲೂ ಸೀಟಿತ್ತು. ಮಗ ಕರಾವಳಿಗೆ ಅಂದ, ಅಪ್ಪ ಧಾರವಾಡ ದಾಟಿ ಕಳಿಸೂದಿಲ್ಲ ಅಂದರು. ಅವ್ವನ ಚಿಂತೆ ಒಂದೇ: "ಅಲ್ಲಿ ಮೂರು ಹೊತ್ತೂ ಅನ್ನ ಅಂತರೀ ಅಕ್ಕಾರ. ರೊಟ್ಟಿ ಇಲ್ಲಂದ್ರ ಇಂವಗ ಹೊಟ್ಟಿ ತುಂಬೂದಿಲ್ಲ."

ಅಪ್ಪನೂ ಹಳೆಯ ಪೈಲ್ವಾನ. ಕುಸ್ತಿಯ ಪೆಟ್ಟಿಗೆ ಎರಡೂ ಕಿವಿ ಮುದುಡಿ ಗಟ್ಟಿಯಾಗಿದ್ದವು. ದೂರ ಯಾಕೆ ಬೇಕು ಎಂದು ಮಗನನ್ನು ಕೇಳಿದರೆ, "ಅಲ್ಲಿ ಮ್ಯಾಟ್ ಚಲೋ ಅದಾವರಿ" ಅಂದು ಅಪ್ಪನ ಕಡೆ ನೋಡಿ ಸುಮ್ಮನಾದ. ಹಿರಿಯರನ್ನು ಚಹಾಕ್ಕೆ ಕಳಿಸಿದ ಮೇಲೆ ಮಾತು ಹೊರಬಿತ್ತು. "ಊರ ಹತ್ರ ಇದ್ರ ಜಾತ್ರಿ ಕುಸ್ತಿ ತಪ್ಪೂದಿಲ್ರಿ ಮೇಡಂ. ಯಾರರ ಬಂದು ಕೇಳಿದ್ರ ಸಾಕು, ಅಪ್ಪ ಹೂಂ ಅಂದಬಿಡ್ತಾನ."

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಜಾತ್ರೆಯಲ್ಲಿ ಕುಸ್ತಿ ಹಿಡಿಯುವುದು ಮನೆತನದ ಮರ್ಯಾದೆ. ಕೈಗೆ ನಾಲ್ಕು ಕಾಸೂ ಬರುತ್ತದೆ. ಆದರೆ ಜಾತ್ರೆಯ ಮಣ್ಣಿನ ಕುಸ್ತಿಯೇ ಬೇರೆ, ಕಾಲೇಜು ಪಂದ್ಯಗಳ ಮ್ಯಾಟ್ ಕುಸ್ತಿಯೇ ಬೇರೆ. ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ ಮಾಡಬೇಕು, ಅಂದರೆ ಬೆನ್ನು ನೆಲಕ್ಕೆ ತಾಗಿಸಬೇಕು, ಅದಕ್ಕಾಗಿ ಎಷ್ಟೋ ಹೊತ್ತು ಕುತ್ತಿಗೆ ಹಿಡಿದು ಕಾಯಬಹುದು. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು. ಒಂದೊಂದು ಪಟ್ಟಿಗೂ ಅಂಕ, ಹತ್ತು ಅಂಕ ಮುಂದಾದರೆ ಕುಸ್ತಿ ಅಲ್ಲಿಗೇ ಮುಗೀತು. ಕಾಯುತ್ತ ನಿಂತವನಿಗೆ ರೆಫ್ರಿ ಎಚ್ಚರಿಕೆ ಕೊಡುತ್ತಾನೆ. ಈರಣ್ಣ ಮೊಬೈಲ್‌ನಲ್ಲಿ ತಾನು ಸೋತ ಕುಸ್ತಿ ತೋರಿಸಿದ. ಮೊದಲ ಸುತ್ತಿಡೀ ಅವನ ಎಡಗೈ ಎದುರಾಳಿಯ ಕುತ್ತಿಗೆ ಬಿಟ್ಟು ಕದಲಿಲ್ಲ. ಅಷ್ಟರಲ್ಲಿ ಆ ಹುಡುಗ ಎರಡು ಸಲ ಕಾಲಿಗೆ ನುಗ್ಗಿ ಅಂಕ ಎತ್ತಿದ್ದ. "ಇದು ಜಾತ್ರಿ ಚಟಾ ರೀ" ಅಂದ.

ಅಪ್ಪನ ಅಂಜಿಕೆಯೂ ಸುಳ್ಳಲ್ಲ. ಹರೆಯದಲ್ಲಿ ಅವರು ಪರವೂರಿನ ಗರಡಿಯಲ್ಲಿದ್ದಾಗ ಮೊಣಕಾಲು ಮುರಿದಿತ್ತು. ಗರಡಿಯವರು ಬಸ್ಸಿಗೆ ಹತ್ತಿಸಿ ಕೈತೊಳೆದುಕೊಂಡರು. ಮಗ ಹತ್ತಿರದಲ್ಲೇ ಕಲಿತು, ಕ್ರೀಡಾ ಕೋಟಾದಲ್ಲಿ ಹುಬ್ಬಳ್ಳಿಯ ರೈಲ್ವೆಯಲ್ಲಿ ನೌಕರಿ ಹಿಡಿಯಲಿ ಎಂಬುದು ಅವರ ಆಸೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಅಲ್ಲೇ ಇರುವುದರಿಂದ ಈ ಭಾಗದ ಆಟಗಾರರ ಮನೆಗಳಲ್ಲಿ ಇದು ದಿನದ ಮಾತು.

ಹತ್ತಿರವೇ ಮೇಲು ಎಂಬ ಪಕ್ಷ ನನ್ನದಲ್ಲ. ಹಾವೇರಿ ಕಡೆಯ ಕಬಡ್ಡಿ ಆಡುವ ಹುಡುಗಿಯೊಬ್ಬಳಿಗೆ ದೂರವೇ ಹೋಗು ಎಂದಿದ್ದೆ. ಮನೆಯಲ್ಲಿದ್ದರೆ ಸಂಜೆಯ ಅಭ್ಯಾಸದ ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ಕೂಡಬೇಕಾಗುತ್ತಿತ್ತು. ಈರಣ್ಣನ ವಿಷಯದಲ್ಲಿ ಮಾತ್ರ ಊರು ಆರಿಸುವ ಮೊದಲು ಕೆಲವು ಸಂಗತಿ ವಿಚಾರಿಸಲು ಹೇಳಿದೆ. ಅಂತರ ವಿಶ್ವವಿದ್ಯಾಲಯ ಕುಸ್ತಿಯಲ್ಲಿ ಒಂದು ತೂಕಕ್ಕೆ ಒಂದು ವಿಶ್ವವಿದ್ಯಾಲಯದಿಂದ ಒಬ್ಬನೇ ಇಳಿಯುವುದು. ಕರಾವಳಿಯಲ್ಲಿ 65ಕ್ಕೆ ಈಗಾಗಲೇ ಯಾರಿದ್ದಾನೆ, ಅವನ ಓದು ಎಂದು ಮುಗಿಯುತ್ತದೆ? ಪೆಟ್ಟಾಗಿ ಒಂದು ವರ್ಷ ಆಡದಿದ್ದರೆ ಉಚಿತ ಸೀಟು ಉಳಿಯುತ್ತದೆಯೇ? ಉಳಿಯುವುದಾದರೆ ಬರೆದು ಕೊಡುತ್ತಾರೆಯೇ? ಕೋಚ್ ಕಾಯಂ ನೌಕರರೇ, ವರ್ಷವರ್ಷಕ್ಕೆ ಬದಲಾಗುವವರೇ? ಇದನ್ನೆಲ್ಲ ಆಫೀಸಿನವರ ಹತ್ತಿರ ಕೇಳಬೇಡ, ಹಾಸ್ಟೆಲಿನ ಹುಡುಗರನ್ನು ಕೇಳು ಅಂದೆ.

ಮರುವಾರ ಉತ್ತರ ತಂದ. 65ರಲ್ಲಿ ಪದಕ ಗೆದ್ದ ಎರಡನೇ ವರ್ಷದ ಹುಡುಗನಿದ್ದಾನೆ. ಈರಣ್ಣ 70ಕ್ಕೆ ಏರಬೇಕು, ಇಲ್ಲವೇ ಅವನು ಹೋಗುವ ತನಕ ಕಾಯಬೇಕು. ಪೆಟ್ಟಿನ ಮಾತಿಗೆ, "ಆಗ ನೋಡೂಣ" ಎಂಬ ಉತ್ತರ.

ಹೀಗೆ ಧಾರವಾಡವೇ ಸರಿ ಎನ್ನಿಸಿದರೂ ಹುಡುಗನ ಮುಖ ಗೆಲುವಾಗಲಿಲ್ಲ. ಜಾತ್ರೆಯ ಗಂಟು ಹಾಗೇ ಉಳಿದಿತ್ತಲ್ಲ. ಅವನ ಒಪ್ಪಿಗೆ ಪಡೆದು ಅಪ್ಪನ ಮುಂದೆ ಆ ಮಾತು ಎತ್ತಿದೆ. ಧಾರವಾಡಕ್ಕೆ ಸೇರಿದರೂ ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ, ಹಾಸ್ಟೆಲಿನಲ್ಲಿರಲಿ. ಕೋಚ್ ಹೂಂ ಅನ್ನದೆ ಯಾವ ಜಾತ್ರೆಗೂ ಹೆಸರು ಕೊಡಬಾರದು, ಕೇಳಲು ಬಂದವರಿಗೆ ಕೋಚ್ ನಂಬರ್ ಕೊಟ್ಟುಬಿಡಿ ಅಂದೆ. ಆಗ ಬೇಡ ಅಂದ ಅಪವಾದ ಅಪ್ಪನ ತಲೆಗೂ ಬರುವುದಿಲ್ಲ.

ಅಪ್ಪ ಬಹಳ ಹೊತ್ತು ಟವೆಲ್ಲಿನ ಅಂಚು ಹೊಸೆಯುತ್ತ ಕೂತರು. "ಆತ್ರೀ ಅಕ್ಕಾರ, ಬ್ಯಾರೆ ಊರಿನ್ವು ಬಿಡೂಣು. ನಮ್ಮೂರ ಜಾತ್ರಿದು ಒಂದ?"

"ಅದನ್ನ ಕೋಚ್‌ಗೇ ಕೇಳ್ರಿ" ಅಂದೆ. ಈರಣ್ಣ ಮೊದಲ ಸಲ ನಕ್ಕ. "ನಮ್ಮೂರಿಂದು ಹಿಡಿತೇನಿ, ಅಪ್ಪಾ. ಪರೀಕ್ಷಾದಾಗ ಬಂದ್ರ ಮಾತ್ರ ಇಲ್ಲ."