ಸಬ್‌ನೆಟ್ಟಿಂಗ್‌ಗೆ ಪೆನ್ನು ಹಿಡಿಯಿರಿ
ಬದಿಯಡ್ಕದಲ್ಲಿ ಕೂತು ಸಿಸಿಎನ್‌ಎಗೆ (ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ) ಓದುತ್ತಿದ್ದೇನೆ, ಎಷ್ಟು ವಿಡಿಯೋ ನೋಡಿದರೂ ಸಬ್‌ನೆಟ್ಟಿಂಗ್ (ದೊಡ್ಡ ನೆಟ್‌ವರ್ಕನ್ನು ಚಿಕ್ಕ ತುಂಡುಗಳಾಗಿ ಒಡೆಯುವ ಲೆಕ್ಕ) ತಲೆಗೆ ಹತ್ತುತ್ತಿಲ್ಲ ಅಂದಿದ್ದೀರಿ. ನಾನು ಕುಂಬಳೆಯವನು, ಮೊದಲ ಸಲ ಅಲ್ಲೇ ಎಡವಿದ್ದೆ. ವಿಡಿಯೋ ಸಾಕು, ಪೆನ್ನು ಹಿಡಿಯಿರಿ. 192.168.10.77/26 ಎಂಬ ಐಪಿ ವಿಳಾಸ ತಗೊಳ್ಳಿ. /26 ಅಂದರೆ ಮಾಸ್ಕ್ (ವಿಳಾಸದಲ್ಲಿ ನೆಟ್‌ವರ್ಕಿನ ಭಾಗ ಎಷ್ಟು ಎಂದು ಹೇಳುವ ಸಂಖ್ಯೆ) 255.255.255.192, ಅದರ ಕೊನೆಯ ಸಂಖ್ಯೆ 192. 256ರಲ್ಲಿ ಅದನ್ನು ಕಳೆದರೆ 64. ಅಂದರೆ ನೆಟ್‌ವರ್ಕ್‌ಗಳು 0, 64, 128, 192ರಿಂದ ಶುರು. 77 ಇರುವುದು 64ರ ಮನೆಯಲ್ಲಿ. ಬ್ರಾಡ್‌ಕಾಸ್ಟ್ (ಆ ನೆಟ್‌ವರ್ಕಿನ ಎಲ್ಲರಿಗೂ ಒಟ್ಟಿಗೆ ಕಳಿಸುವ ಕೊನೆಯ ವಿಳಾಸ) 127, ನಡುವೆ ಬಳಸಲು ಸಿಗುವುದು 62 ವಿಳಾಸ. ಇಷ್ಟೇ ಅಲ್ವಾ? ದಿನಾ ಇಂಥ ಹತ್ತು ಲೆಕ್ಕ, ಕ್ಯಾಲ್ಕುಲೇಟರ್ ಮುಟ್ಟದೆ.

ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡುವ ಸಿಸ್ಕೊದ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಪುಕ್ಕಟೆ. ವಿಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಮಾಡುವುದು), ಓಎಸ್‌ಪಿಎಫ್ (ರೂಟರ್‌ಗಳು ದಾರಿ ಹುಡುಕುವ ವಿಧಾನ) ಅದರಲ್ಲೇ ಕಟ್ಟಿ, ಬೇಕೆಂದೇ ಕೆಡಿಸಿ, ಸರಿಮಾಡಿ. ಮಳೆಗಾಲದಲ್ಲಿ ನಮ್ಮ ಕರೆಂಟಿನ ಗತಿ ಗೊತ್ತಲ್ಲ, ಆಗಾಗ ಸೇವ್ ಮಾಡಿ. ಪರೀಕ್ಷೆ 120 ನಿಮಿಷ. ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಮರಳಲು ಆಗುವುದಿಲ್ಲ.